ಮಗುವಿಗಾಗಿ ಕಾಯುವ ಪಾಠ

ನಮ್ಮ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕವನ್ನು ಇತಿಹಾಸದ ದಾಖಲೆಯೆಂದು ಯಾರೂ ಓದುವುದಿಲ್ಲ. ಓದುವ ಸಹನೆಯಿದ್ದರೆ ಒಂದು ಊರಿನ ಬದುಕೇ ಅದರಲ್ಲಿ ಸಿಗುತ್ತದೆ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿರುವ ಸಂಸೆಯನ್ನೇ ತೆಗೆದುಕೊಳ್ಳೋಣ. ಸುತ್ತಲೂ ಕಾಫಿ, ಚಹಾ, ಅಡಿಕೆ ತೋಟಗಳು. ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದ ದಿನ ಆಚೆ ದಡದ ಮಗುವಿಗೆ ಶಾಲೆಯಿಲ್ಲ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ತಂದೆ ತಾಯಿ ಇಬ್ಬರೂ ಹಣ್ಣು ಬಿಡಿಸಲು ಹೋದರೆ ಲೈನ್ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಾದವಳು ಎರಡನೇ ತರಗತಿಯ ಅಕ್ಕ. ಇಂಥ ಕಡೆ ಹಾಜರಿ ಪುಸ್ತಕದ ಗೈರು ಗುರುತುಗಳು ಮಳೆಯನ್ನೂ ಬೆಳೆಯನ್ನೂ ಹಿಂಬಾಲಿಸುತ್ತವೆ.

ಈ ಗೈರುಹಾಜರಿಗೆ ಸಮಾಜ ಬಹುಕಾಲ ಎರಡೇ ಕಾರಣ ಕೊಡುತ್ತಾ ಬಂತು: ಹೆತ್ತವರ ಅಸಡ್ಡೆ ಮತ್ತು ಮಗುವಿನ ಸೋಮಾರಿತನ. ಹತ್ತು ದಿನ ಬಿಟ್ಟು ಮಗು ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದು. ಬೆತ್ತ ಮೇಲೇಳುತ್ತದೆ, ಗೆಳೆಯರು ನಗುತ್ತಾರೆ. ಮರುದಿನ ಹೊಟ್ಟೆನೋವು. ನಿಧಾನವಾಗಿ ಶಾಲೆಯೇ ತಪ್ಪಿಹೋಗುತ್ತದೆ. ಹಾಗೆ ಬಿಟ್ಟವರಲ್ಲಿ ಎಷ್ಟು ಮಂದಿ ನಿಜವಾಗಿಯೂ ಕಲಿಯಲಾರದವರಾಗಿದ್ದರು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ಒಂದು ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆಯಿತು. ಅದರ ಹೆಸರು ನಲಿ-ಕಲಿ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕು ಕಾಡಂಚಿನ ಪ್ರದೇಶ. ಕಬಿನಿ ಅಣೆಕಟ್ಟಿನಿಂದ ನೆಲೆ ಕಳಕೊಂಡವರು, ಜೇನುಕುರುಬರು, ಕಾಡುಕುರುಬರು, ದನ ಮೇಯಿಸುವವರು, ಕೂಲಿಕಾರರು ಇರುವ ಜಾಗ. ಒಬ್ಬಿಬ್ಬರು ಅಧ್ಯಾಪಕರು ನಾಲ್ಕು ತರಗತಿಗಳನ್ನು ಒಟ್ಟಿಗೆ ನಡೆಸುವ ಶಾಲೆಗಳು ಅಲ್ಲಿ ಸಾಮಾನ್ಯ. 1995ರಲ್ಲಿ ಯುನಿಸೆಫ್‌ನ ನೆರವಿನೊಂದಿಗೆ ಆ ತಾಲೂಕಿನ ಒಂದಷ್ಟು ಸರಕಾರಿ ಅಧ್ಯಾಪಕರು ಆಂಧ್ರದ ಮದನಪಲ್ಲಿಯ ಬಳಿಯ ಋಷಿ ವ್ಯಾಲಿಗೆ ಹೋದರು. ಜಿಡ್ಡು ಕೃಷ್ಣಮೂರ್ತಿಯವರ ವಿಚಾರದಿಂದ ಹುಟ್ಟಿದ ಆ ಸಂಸ್ಥೆಯ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಹೊಸ ರೀತಿಯ ಪಾಠಕ್ರಮವನ್ನು ರೂಪಿಸಿದ್ದರು. ಪಠ್ಯಪುಸ್ತಕದ ಬದಲು ಸಣ್ಣ ಸಣ್ಣ ಕಾರ್ಡುಗಳು. ಒಂದೊಂದು ಕಾರ್ಡಿನಲ್ಲಿ ಒಂದು ಚಟುವಟಿಕೆ. ಅವುಗಳನ್ನು ಕ್ರಮವಾಗಿ ಜೋಡಿಸಿದ ಒಂದು ಏಣಿ.

ಕೋಟೆಯ ಅಧ್ಯಾಪಕರು ಅದನ್ನು ನೋಡಿ ಬಂದು ನಕಲು ಮಾಡಲಿಲ್ಲ. ಇದೇ ಈ ಇತಿಹಾಸದ ಮುಖ್ಯ ಘಟ್ಟವೆಂದು ನಮಗನಿಸುತ್ತದೆ. ಅವರು ಕುಳಿತು ಕನ್ನಡದಲ್ಲಿ ತಾವೇ ಕಾರ್ಡುಗಳನ್ನು ಬರೆದರು. ಊರಿನ ಹಾಡು, ಕತೆ, ಒಗಟುಗಳನ್ನು ಪಾಠದೊಳಗೆ ತಂದರು. ತರಗತಿಯಲ್ಲಿ ಬಳಸಿ ನೋಡಿದರು, ಸರಿಹೋಗದ್ದನ್ನು ತಿದ್ದಿದರು. ಸಂಶೋಧನೆಯೆಂದರೆ ವಿಶ್ವವಿದ್ಯಾಲಯದವರು ಬರೆಯುವ ದಪ್ಪ ಪುಸ್ತಕವೆಂದು ಭಾವಿಸುವವರಿಗೆ ಇದು ಸಂಶೋಧನೆಯಾಗಿ ಕಾಣದಿರಬಹುದು. ಆದರೆ ಒಂದು ಊಹೆಯನ್ನು ಕಣ್ಣೆದುರಿನ ಮಕ್ಕಳ ಮೇಲೆ ಪರೀಕ್ಷಿಸಿ, ಫಲ ನೋಡಿ ಬದಲಿಸುವುದಕ್ಕೆ ಬೇರೆ ಯಾವ ಹೆಸರಿದೆ?

ಅಕ್ಷರಗಳ ವಿಷಯವನ್ನೇ ನೋಡಿ. ನಾವೆಲ್ಲ ಅ, ಆ, ಇ, ಈ ಎಂದು ಸಾಲಾಗಿ ಕಲಿತವರು. ವರ್ಣಮಾಲೆಯ ಆ ಕ್ರಮ ವೈಯಾಕರಣರಿಗೆ ಚೆಂದ. ಆದರೆ ಮಗುವಿಗೆ ಹದಿಮೂರು ಹದಿನಾಲ್ಕು ಸ್ವರಗಳನ್ನು ಮುಗಿಸಿದರೂ ಓದಲು ಹೆಚ್ಚು ಪದಗಳು ಸಿಗುವುದಿಲ್ಲ. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಬರೆಯಲು ಸುಲಭ, ರೂಪದಲ್ಲಿ ಒಂದಕ್ಕೊಂದು ಹತ್ತಿರ. ಅಷ್ಟರಿಂದಲೇ ಸರ, ರಸ, ದರ, ಅಗಸ, ಅರಸ ಎಲ್ಲವೂ ಆಗುತ್ತವೆ. ಆಮೇಲೆ ಜ, ವ, ಮ, ಬ, ನ ಬಂದರೆ ಜನ, ವನ, ಮರ. ಮೊದಲ ಐದು ಅಕ್ಷರಕ್ಕೇ ತಾನು ಓದಬಲ್ಲೆನೆಂಬ ಅನುಭವ ಆ ಪುಟ್ಟ ಜೀವಕ್ಕೆ ಆಗುತ್ತದೆ. ಮಕ್ಕಳ ಆತ್ಮವಿಶ್ವಾಸದ ಬಗ್ಗೆ ಭಾಷಣ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಏಣಿಯ ಮರ್ಮವೂ ಸರಳ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ, ಆ ಗುರುತಿನ ಕಾರ್ಡನ್ನು ತೆಗೆದುಕೊಂಡು ಹೋಗಿ ಸಂಬಂಧಿಸಿದ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಒಂದು ಗುಂಪಿಗೆ ಅಧ್ಯಾಪಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಅಲ್ಪ ಸಹಾಯ, ಮತ್ತೊಂದರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಮಗು ಒಂದೇ. ಹತ್ತು ದಿನ ಗೈರಾದ ಮಗು ಮರಳಿ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮಗು ಪಾಠದ ಹಿಂದೆ ಓಡಬೇಕಾಗಿಲ್ಲ, ಪಾಠ ಮಗುವಿಗಾಗಿ ಕಾಯುತ್ತದೆ. ದನ ಮೇಯಿಸುವ ಕೋಟೆಯ ಮಗುವಿಗೂ, ಹಳ್ಳ ದಾಟಲಾಗದ ಸಂಸೆಯ ಮಗುವಿಗೂ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಾರದು.

ತರಗತಿಯ ಕೋಣೆಯೂ ಬದಲಾಯಿತು. ಅಧ್ಯಾಪಕರು ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ನಡುವೆ ಕುಳಿತರು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಒಂದು ಹಲಗೆ ಸಿಕ್ಕಿತು. ಮಾಡಿನ ಕೆಳಗೆ ದಾರ ಕಟ್ಟಿ ಮಕ್ಕಳ ಕೈಕೆಲಸವನ್ನು ತೂಗುಹಾಕುವ ‘ಕಲಿಕಾ ಚಪ್ಪರ’ ಬಂತು. ದಿನದ ಹವೆಯನ್ನು ಮಕ್ಕಳೇ ಗುರುತಿಸುವ ಹವಾಮಾನ ನಕ್ಷೆಯೂ ಇದೆ. (ನಮ್ಮ ಕಡೆ ಜುಲೈ ತಿಂಗಳಿಡೀ ಅದರಲ್ಲಿ ಮಳೆಯ ಚಿತ್ರ ಒಂದೇ ಸಾಕು.) ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಕಾನೂನು ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮಿನಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಬೆತ್ತಕ್ಕೆ ಕೆಲಸವಿಲ್ಲದ ತರಗತಿಯನ್ನು ಈ ಅಧ್ಯಾಪಕರು ಕಟ್ಟತೊಡಗಿದ್ದರು.

ಇಂಥದೇ ಕಥೆ ನಮ್ಮಂತೆ ಕಾಫಿ ಬೆಳೆಯುವ ಇನ್ನೊಂದು ನಾಡಿನಲ್ಲೂ ನಡೆದಿತ್ತು. ದಕ್ಷಿಣ ಅಮೆರಿಕದ ಕೊಲಂಬಿಯದ ಗುಡ್ಡಗಳಲ್ಲಿ ಒಬ್ಬ ಶಿಕ್ಷಕ, ಹಲವು ತರಗತಿ, ಕೊಯ್ಲಿನ ಕಾಲಕ್ಕೆ ಖಾಲಿ ಬೆಂಚುಗಳು. 1970ರ ದಶಕದ ಮಧ್ಯದಲ್ಲಿ ವಿಕಿ ಕೋಲ್ಬರ್ಟ್ ಮತ್ತು ಸಂಗಡಿಗರು ಅಲ್ಲಿ ‘ಎಸ್ಕ್ವೆಲಾ ನ್ವೇವಾ’ ಅಂದರೆ ಹೊಸ ಶಾಲೆ ಎಂಬ ಪದ್ಧತಿಯನ್ನು ಆರಂಭಿಸಿದರು. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವ ಪಾಠಪುಸ್ತಿಕೆಗಳು ಅದರ ತಿರುಳು. ಕಾಲ್ದಾಸ್ ಪ್ರಾಂತದಲ್ಲಿ ಕಾಫಿ ಬೆಳೆಗಾರರ ಸಂಘವೇ ಈ ಶಾಲೆಗಳ ಬೆಂಬಲಕ್ಕೆ ನಿಂತಿತು. ಮುಂದೆ ಸಂಶೋಧಕರು ಹಳೆಯ ಶಾಲೆಗಳೊಂದಿಗೆ ಹೋಲಿಸಿ ನೋಡಿದಾಗ ಶಾಲೆ ಬಿಡುವವರು ಕಡಿಮೆಯಾದದ್ದೂ, ಬಹುತೇಕ ವಿಷಯಗಳಲ್ಲಿ ಕಲಿಕೆ ಮೇಲಾದದ್ದೂ ಕಂಡಿತು. 1998ರಲ್ಲಿ ಯುನೆಸ್ಕೋ ಪ್ರಕಟಿಸಿದ ಲ್ಯಾಟಿನ್ ಅಮೆರಿಕದ ಹೋಲಿಕೆಯಲ್ಲಿ, ಮಹಾನಗರಗಳನ್ನು ಬಿಟ್ಟರೆ, ಹಳ್ಳಿಯ ಮಕ್ಕಳು ಪಟ್ಟಣದವರಿಗಿಂತ ಮುಂದಿದ್ದ ದೇಶ ಕೊಲಂಬಿಯ. ನಮ್ಮ ಮಲೆನಾಡಿನ ಕಾಫಿ ಬೆಳೆಗಾರರ ಸಂಘಟನೆಗಳ ಗಮನಕ್ಕೆ ಈ ಸಂಗತಿಯನ್ನು ತರಬೇಕೆಂದು ನಮಗೆ ಆಸೆ.

ಇತ್ತ ಭಾರತದಲ್ಲಿ 2000ರ ದಶಕದ ಆರಂಭದಲ್ಲಿ ವಡೋದರ ಮತ್ತು ಮುಂಬೈಯ ಶಾಲೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ‘ಪ್ರಥಮ್’ ಸಂಸ್ಥೆಯ ಕೆಲಸವನ್ನು ಅಳೆದು ನೋಡಿದರು. ಹಿಂದುಳಿದ ಮಗುವಿಗೆ ತರಗತಿಯ ಪಾಠವನ್ನಲ್ಲ, ಅದು ನಿಂತ ಮಟ್ಟದ ಪಾಠವನ್ನು ಕೊಟ್ಟಾಗ ಕಲಿಕೆ ಎದ್ದು ಕಾಣುವಂತೆ ಹೆಚ್ಚಿತು. ಇವರಿಬ್ಬರೂ ಮೈಕೆಲ್ ಕ್ರೆಮರ್ ಅವರೊಂದಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಕೋಟೆಯ ಅಧ್ಯಾಪಕರಿಗೆ ಯಾವ ನೊಬೆಲೂ ಬರಲಿಲ್ಲ. ಆದರೆ ತಿರುಳು ಒಂದೇ.

ನಲಿ-ಕಲಿ ಮುಂದೆ ರಾಜ್ಯವ್ಯಾಪಿಯಾಯಿತು. 2009-10ರಲ್ಲಿ ಕನ್ನಡ ಮಾಧ್ಯಮದ ಎಲ್ಲ ಸರಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ, ಬಳಿಕ 3ನೇ ತರಗತಿಗೆ. ಉರ್ದು ಮಾಧ್ಯಮಕ್ಕೂ ಅದು ಬಂತು. ಇಲ್ಲಿಂದ ಕಥೆ ಸ್ವಲ್ಪ ಮಂಕಾಗುತ್ತದೆ. ಕೋಟೆಯಲ್ಲಿ ಅಧ್ಯಾಪಕರು ಬರೆದ ಕಾರ್ಡು ಇತರ ಕಡೆ ಇಲಾಖೆಯ ಪೆಟ್ಟಿಗೆಯಲ್ಲಿ ಬಂತು. ಬರೆದವರಿಗೆ ಏಕೆಂದು ಗೊತ್ತಿತ್ತು. ಪಡೆದವರಿಗೆ ಹೇಗೆಂದು ಮಾತ್ರ ಹೇಳಲಾಯಿತು. ಕಾರ್ಡು ಕಳೆದುಹೋದರೆ ಹೊಸದು ಬರುವುದು ತಡ, ಅಧ್ಯಾಪಕರು ವರ್ಗವಾದರೆ ಬಂದವರಿಗೆ ತರಬೇತಿಯಿಲ್ಲ. ಹೆತ್ತವರಿಗೂ ಸಂಶಯ: ‘ಬರೀ ಹಾಡು, ಕುಣಿತ. ಪುಸ್ತಕ ಎಲ್ಲಿ? ಪರೀಕ್ಷೆ ಎಲ್ಲಿ?’ ಅವರನ್ನು ಕರೆದು ಏಣಿಯನ್ನು ತೋರಿಸಿ ವಿವರಿಸಿದ ಕಡೆ ಈ ಸಂಶಯ ಕರಗಬಹುದಿತ್ತು. ವಿವರಿಸದ ಕಡೆ ಅವರು ಸಾಲ ಮಾಡಿಯಾದರೂ ಹಳದಿ ವ್ಯಾನು ಬರುವ ಶಾಲೆಯನ್ನು ಹುಡುಕಿದರು. ಅವರನ್ನು ದೂರುವುದು ಸರಿಯಲ್ಲ.

ಭಾಷೆಯ ತೊಡಕೂ ಇದೆ. ಕಳಸ, ಸಂಸೆಯ ಕಡೆ ಕನ್ನಡ ಎಲ್ಲರ ಮನೆಮಾತಲ್ಲ. ತುಳು, ಬ್ಯಾರಿ, ಕೊಂಕಣಿ, ತಮಿಳು, ಮಲಯಾಳ ಮಾತಾಡುವ ಮನೆಗಳಿವೆ. ಈಚೆಗೆ ತೋಟದ ಕೆಲಸಕ್ಕೆ ಅಸ್ಸಾಮಿನ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಮಗುವಿಗೆ ತಾಯ್ನುಡಿಯೇ ಕಲಿಕೆಯ ಮೊದಲ ಬಾಗಿಲೆಂದು ಯುನೆಸ್ಕೋದ ತಜ್ಞರು 1953ರಲ್ಲೇ ವರದಿ ಕೊಟ್ಟಿದ್ದಾರೆ. ಶಾಲೆಯ ಕನ್ನಡ ಅರ್ಥವಾಗದೆ ಸುಮ್ಮನೆ ಕುಳಿತ ಮಗುವನ್ನು ದಡ್ಡನೆಂದು ಕರೆದರೆ ಆ ಹೆಸರು ಜೀವನವಿಡೀ ಉಳಿಯುತ್ತದೆ. ಕಾರ್ಡಿನ ಪದ್ಧತಿಯಲ್ಲಿ ಒಂದು ಅನುಕೂಲವುಂಟು. ಗೆಳೆಯರ ನೆರವಿನ ಗುಂಪಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಬ್ಯಾರಿಯಲ್ಲೋ ತುಳುವಿನಲ್ಲೋ ಮೆಲ್ಲನೆ ಹೇಳಿಕೊಟ್ಟರೆ ಪಾಠ ಕೆಡುವುದಿಲ್ಲ. ಅಧ್ಯಾಪಕರು ಅದನ್ನು ಗಲಾಟೆಯೆಂದು ತಿಳಿಯದಿದ್ದರೆ ಸಾಕು.

ಹಸಿದ ಮಗುವಿಗೆ ಯಾವ ಕಾರ್ಡೂ ಹತ್ತುವುದಿಲ್ಲ ಎಂಬುದನ್ನೂ ಹೇಳಬೇಕು. ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಬೇಯಿಸಿದ ಬಿಸಿಯೂಟ ಕೊಡಲು ಆದೇಶಿಸಿತು. ಕರ್ನಾಟಕ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭಿಸಿ ಮರುವರ್ಷ ಇತರೆಡೆಗೂ ತಂದಿತು. 2003ರಲ್ಲಿ ಜಾನ್ ದ್ರೇಜ್ ಮತ್ತು ಸಂಗಡಿಗರು ಕರ್ನಾಟಕವೂ ಸೇರಿ ಮೂರು ರಾಜ್ಯಗಳ 81 ಶಾಲೆಗಳನ್ನು ನೋಡಿದಾಗ ಒಂದನೇ ತರಗತಿಗೆ ಸೇರುವವರು, ವಿಶೇಷವಾಗಿ ಹುಡುಗಿಯರು, ಹೆಚ್ಚಿದ್ದರು. 2013ರ ಆಗಸ್ಟ್‌ನಲ್ಲಿ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಮೊಟ್ಟೆ ಕೊಡತೊಡಗಿದಾಗ ವಾದವಿವಾದ ಬಹಳವಾಯಿತು. ಆಗ ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನು ಕೊಡದ ಗದಗಿನ ಮಕ್ಕಳೊಂದಿಗೆ ತೂಗಿ ನೋಡಿದ ಅಧ್ಯಯನ ಗದ್ದಲಕ್ಕೆ ಉತ್ತರ ಕೊಟ್ಟಿತು. ಯಾದಗಿರಿಯ ಮಕ್ಕಳ ಬೆಳವಣಿಗೆ ಉತ್ತಮವಾಗಿತ್ತು. ಬಳಿಕ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು.

2020ರಲ್ಲಿ ಕೊರೋನಾ ಶಾಲೆಗಳನ್ನು ಮುಚ್ಚಿಸಿದಾಗ ಪಾಠ ಮೊಬೈಲಿಗೆ ಹೋಯಿತು. ಮಲೆನಾಡಿನ ಎಷ್ಟೋ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು. ಮೊಬೈಲೇ ಇಲ್ಲದವರು ಅದನ್ನೂ ಮಾಡಲಿಲ್ಲ. ಶಾಲೆ ಮತ್ತೆ ತೆರೆದಾಗ ಒಂದು ಊರಿನ ಗೈರುಹಾಜರಿಯ ಕಥೆ ಇಡೀ ರಾಜ್ಯದ್ದಾಗಿತ್ತು. 2022-23ನೇ ವರ್ಷವನ್ನು ಸರಕಾರ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು, ದೊಡ್ಡ ತರಗತಿಗಳಲ್ಲೂ ಮಗು ಬಿಟ್ಟಲ್ಲಿಂದ ಪಾಠ ಆರಂಭಿಸಲು ಹೇಳಿತು. ಕೋಟೆಯ ಏಣಿ ಬೇರೆ ಹೆಸರಿನಲ್ಲಿ ಮರಳಿ ಬಂದಿತ್ತು.

ಈಗ ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸುವ ಮಾತು ಆಗಾಗ ಕೇಳುತ್ತಿದೆ. ಒಬ್ಬ ಅಧ್ಯಾಪಕರು ಮೂರು ತರಗತಿಗೆ ಕಲಿಸುವುದು ಕೊರತೆಯೆಂಬುದು ಅದರ ಹಿಂದಿನ ಒಂದು ವಾದ. ಆದರೆ ನಲಿ-ಕಲಿ ಹುಟ್ಟಿದ್ದೇ ಅಂಥ ಶಾಲೆಗಾಗಿ. ಕೊಲಂಬಿಯದ ಅನುಭವವೂ ಅಂಥ ಶಾಲೆಯದೇ. ತರಬೇತಾದ ಅಧ್ಯಾಪಕರು ಮತ್ತು ಪೂರ್ತಿ ಕಾರ್ಡುಗಳಿದ್ದರೆ ಹತ್ತು ಮಕ್ಕಳ ಶಾಲೆ ಬಡ ಶಾಲೆಯಾಗಬೇಕಿಲ್ಲ. 1ರಿಂದ 5ನೇ ತರಗತಿಯವರಿಗೆ ಶಾಲೆ 1 ಕಿಲೋಮೀಟರ್ ಒಳಗಿರಬೇಕೆಂದು ನಿಯಮ ಹೇಳುತ್ತದೆ. ಕಡತದಲ್ಲಿ ಅಳೆಯುವಾಗ ಆ ದೂರ ಬಯಲುಸೀಮೆಗೂ ಸಂಸೆಗೂ ಒಂದೇ. ಇಲ್ಲಿ ಅದರ ನಡುವೆ ಒಂದು ಏರು, ಒಂದು ಕಾಡುದಾರಿ, ಜುಲೈಯಲ್ಲಿ ಒಂದು ಹಳ್ಳ ಇರುತ್ತದೆ. ಅದನ್ನು ದಾಟಬೇಕಾದ ಮಗುವಿಗೆ ಆರು ವರ್ಷ.