ಮೂಳೆ ಯಾಕೆ ಮುರಿಯಿತು? ಇನ್ನೂರು ವರ್ಷಗಳ ಹುಡುಕಾಟ

1822ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಕೀಲು ತಪ್ಪುವುದರ ಬಗ್ಗೆ, ಮೂಳೆ ಮುರಿಯುವುದರ ಬಗ್ಗೆ ದೊಡ್ಡದೊಂದು ಗ್ರಂಥ ಹೊರತಂದರು. ತೊಡೆಮೂಳೆಯ ಕತ್ತು ಮುರಿದುಕೊಂಡು ಬರುವವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು ಎಂದು ಅವರು ಗಮನಿಸಿದ್ದರು. ಬಿದ್ದದ್ದು ಮರದಿಂದಲೋ ಕುದುರೆಯಿಂದಲೋ ಅಲ್ಲ, ಫುಟ್‌ಪಾತಿನ ಅಂಚಿನಿಂದ ರಸ್ತೆಗೆ ಕಾಲು ಜಾರಿತ್ತು, ಅಷ್ಟೇ. ಮುಪ್ಪಿನಲ್ಲಿ ಮೂಳೆ ಹಗುರಾಗುತ್ತದೆ, ಅದರ ಹೊರಗೋಡೆ ತೆಳ್ಳಗಾಗುತ್ತದೆ ಎಂದೂ ಕೂಪರ್ ಬರೆದರು. ಎಕ್ಸ್‌ರೇ ಬರಲು ಆಗಿನ್ನೂ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲವಿತ್ತು. ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಯಾಕೆ ಮುರಿಯಿತು ಎಂಬ ಆ ಪ್ರಶ್ನೆಯೇ ಮುಂದೆ ಹಾರ್ಮೋನು, ಸ್ಕ್ಯಾನು, ಮಾತ್ರೆ, ಇಂಜೆಕ್ಷನ್ನುಗಳವರೆಗೆ ಬೆಳೆಯಿತು. ಈ ವಿದ್ಯೆ ಮುರಿತವನ್ನು ಮರೆತು ಬರೀ ಮೂಳೆಯ ಸಾಂದ್ರತೆಯ ಬೆನ್ನು ಹತ್ತಿದಾಗಲೆಲ್ಲ ಎಡವಿದೆ ಎಂಬುದು ನನ್ನ ತೀರ್ಮಾನ. ನಮ್ಮಲ್ಲಿ ಅದು ಈಗಲೂ ಎಡವುತ್ತಿದೆ.

ಸ್ಟ್ರಾಸ್‌ಬರ್ಗಿನ ರೋಗಶಾಸ್ತ್ರಜ್ಞ ಲೋಬ್‌ಸ್ಟೈನ್ 1830ರ ಆಸುಪಾಸಿನಲ್ಲಿ ಮೂಳೆ ಹೀಗೆ ಟೊಳ್ಳಾಗುವುದಕ್ಕೆ ಆಸ್ಟಿಯೊಪೊರೋಸಿಸ್ ಎಂದು ಹೆಸರಿಟ್ಟರು. 1885ರಲ್ಲಿ ಗುಸ್ತಾವ್ ಪೊಮ್ಮರ್ ಇದನ್ನು ಆಸ್ಟಿಯೊಮಲೇಶಿಯಾದಿಂದ ಬೇರ್ಪಡಿಸಿ ತೋರಿಸಿದರು. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆಯೇ ಕಡಿಮೆ, ಇದ್ದಷ್ಟು ಮೂಳೆಯಲ್ಲಿ ಖನಿಜ ಸರಿಯಾಗಿರುತ್ತದೆ. ಆಸ್ಟಿಯೊಮಲೇಶಿಯಾದಲ್ಲಿ ಮೂಳೆ ಇದ್ದರೂ ಅದರೊಳಗೆ ಕ್ಯಾಲ್ಸಿಯಂ ಕೂತಿರುವುದಿಲ್ಲ. ವಿಟಮಿನ್ ಡಿ ಕೊರತೆ ಅದಕ್ಕೆ ಮುಖ್ಯ ಕಾರಣ. ಈ ಭೇದ ಭಾರತದಲ್ಲಿ ಇವತ್ತಿಗೂ ಬಹಳ ಮುಖ್ಯ. ಎರಡೂ ಕಾಯಿಲೆಗಳಲ್ಲಿ ಸ್ಕ್ಯಾನಿನ ಅಂಕಿ ಒಂದೇ ರೀತಿ ಇಳಿದಿರುತ್ತದೆ, ಆದರೆ ಚಿಕಿತ್ಸೆ ಬೇರೆ. ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ನೋಡದೆ ಆಸ್ಟಿಯೊಪೊರೋಸಿಸ್ ಮಾತ್ರೆ ಶುರು ಮಾಡಬಾರದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡಬೇಕು. ಮಂಡಿ ನೋವು, ಮಂಡಿ ಸವೆತ ಇದಲ್ಲ. ಅದು ಕೀಲಿನೊಳಗಿನ ಮೃದ್ವಸ್ಥಿ ಸವೆಯುವ ಕಾಯಿಲೆ. ಆಸ್ಟಿಯೊಪೊರೋಸಿಸ್ ಮುರಿತ ಆಗುವವರೆಗೆ ನೋಯುವುದೇ ಇಲ್ಲ. ಬೆನ್ನಿನ ಕಶೇರು ಒಳಕ್ಕೆ ಕುಸಿದರೂ ಎಷ್ಟೋ ಮಂದಿಗೆ ಗೊತ್ತಾಗುವುದಿಲ್ಲ. ಎತ್ತರ ಎರಡು ಮೂರು ಅಂಗುಲ ಇಳಿದಿರುತ್ತದೆ, ಬೆನ್ನು ಬಾಗಿರುತ್ತದೆ, ರವಿಕೆಯ ಬೆನ್ನು ಮೇಲಕ್ಕೆ ಎಳೆದಂತಾಗುತ್ತದೆ, ಮನೆಯವರು ವಯಸ್ಸಾಯಿತು ಅನ್ನುತ್ತಾರೆ.

ಮುಪ್ಪು ಮಾತ್ರ ಕಾರಣವಲ್ಲ ಎಂದು ತೋರಿಸಿದವರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್. 1940–41ರಲ್ಲಿ ಅವರು ಪ್ರಕಟಿಸಿದ ಲೇಖನಗಳಲ್ಲಿ, ಅರವತ್ತೈದರೊಳಗಿನ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಟ್ಟು ನಿಂತ ಹೆಂಗಸರು ಎಂಬುದು ಎದ್ದು ಕಂಡಿತು. ಅವರಲ್ಲಿ ಹಲವರಿಗೆ ಮುಟ್ಟು ತಾನಾಗಿ ನಿಂತಿರಲಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ತೆಗೆದಿದ್ದರು. ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ ಇಲ್ಲವಾದರೆ ಮೂಳೆ ಕಟ್ಟುವ ಕೋಶಗಳು ಸೋಲುತ್ತವೆ ಎಂದು ಆಲ್‌ಬ್ರೈಟ್ ಊಹಿಸಿದರು. ವಿವರಣೆ ಪೂರ್ತಿ ಸರಿಯಿರಲಿಲ್ಲ. ಮೂಳೆ ಕರಗಿಸುವ ಕೋಶಗಳ ಮೇಲಿನ ಕಡಿವಾಣ ತಪ್ಪುವುದೇ ಮುಖ್ಯ ಕಾರಣ ಎಂದು ಆಮೇಲೆ ತಿಳಿಯಿತು. ಆದರೆ ಅವರು ತೋರಿಸಿದ ದಾರಿ ಸರಿಯಿತ್ತು.

ಈ ಮಾತು ನಮ್ಮ ಹಳ್ಳಿಗಳಿಗೆ ನೇರವಾಗಿ ತಟ್ಟುತ್ತದೆ. ದಕ್ಷಿಣ ಭಾರತದಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರಲ್ಲಿ ಬಹಳ ಮಂದಿ ಮೂವತ್ತರ ಹರೆಯದವರು. ಗರ್ಭಕೋಶದ ಜೊತೆ ಅಂಡಾಶಯಗಳೂ ಹೋಗಿದ್ದರೆ ಮೂಳೆಗೆ ಮುಪ್ಪು ಹತ್ತು ಹದಿನೈದು ವರ್ಷ ಮೊದಲೇ ಬಂದಂತೆ. ತನ್ನ ಆಪರೇಷನ್‌ನಲ್ಲಿ ಏನೇನು ತೆಗೆದರು ಎಂಬುದು ಎಷ್ಟೋ ಹೆಂಗಸರಿಗೆ ಗೊತ್ತೇ ಇರುವುದಿಲ್ಲ. ಇದನ್ನು ಬರೆಯುವಾಗ ಸಂಕಟವಾಗುತ್ತದೆ. ಆಪರೇಷನ್ ಟಿಪ್ಪಣಿಯ ಒಂದು ಪ್ರತಿ ಆಕೆಯ ಕೈಯಲ್ಲಿದ್ದರೆ ಮುಂದೆ ನೋಡುವ ವೈದ್ಯರಿಗೆ ಎಷ್ಟೋ ಅನುಕೂಲ.

ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಅಲ್ಲಲ್ಲಿ ಹಳೆಯದನ್ನು ಕೆಡವುವ ಕೋಶಗಳು, ಅವುಗಳ ಹಿಂದೆಯೇ ಹೊಸದನ್ನು ತುಂಬುವ ಕೋಶಗಳು ಸದಾ ಕೆಲಸದಲ್ಲಿರುತ್ತವೆ. ದೊಡ್ಡವರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿವರ್ಷ ಹೀಗೆ ಹೊಸದಾಗುತ್ತದೆ. ಕೆಡವುವ ವೇಗ ಕಟ್ಟುವ ವೇಗವನ್ನು ಮೀರಿದಾಗ ಮೂಳೆ ಟೊಳ್ಳಾಗುತ್ತದೆ. ಆದರೆ ಎಷ್ಟು ಟೊಳ್ಳಾಗಿದೆ ಎಂದು ಅಳೆಯುವುದು ಹೇಗೆ? ಸುಮಾರು ಮೂರನೇ ಒಂದು ಪಾಲು ಖನಿಜ ಹೋಗುವವರೆಗೆ ಎಕ್ಸ್‌ರೇಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. 1963ರಲ್ಲಿ ವಿಸ್ಕಾನ್ಸಿನ್‌ನ ಜಾನ್ ಕ್ಯಾಮರನ್ ಮತ್ತು ಜೇಮ್ಸ್ ಸೊರೆನ್ಸನ್ ಮುಂಗೈ ಮೂಳೆಯ ಮೂಲಕ ಫೋಟಾನ್ ಕಿರಣ ಹಾಯಿಸಿ ಖನಿಜವನ್ನು ಅಳೆದರು. ಎಂಬತ್ತರ ದಶಕದ ಕೊನೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಯಂತ್ರ ಬಂತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಒಂದು ಗೆರೆ ಎಳೆದರು: ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ ಲೆಕ್ಕ ಹಾಕುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್.

ಆ ಗೆರೆ ಎಳೆದದ್ದು ಬಿಳಿಯ ಹೆಂಗಸರ ಅಂಕಿಗಳ ಮೇಲೆ. ಡೆಕ್ಸಾ ಅಳೆಯುವುದು ಮೂಳೆಯ ನೆರಳಿನ ವಿಸ್ತೀರ್ಣದಲ್ಲಿರುವ ಖನಿಜವನ್ನು, ಹಾಗಾಗಿ ಚಿಕ್ಕ ಮೈಕಟ್ಟಿನವರ ಮೂಳೆ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಭಾರತೀಯರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೇರೆ ಮಾನದಂಡ ಪ್ರಕಟಿಸಿದ್ದರೂ ಎಷ್ಟೋ ಯಂತ್ರಗಳು ಹಳೆಯ ಅಂಕಿಗಳನ್ನೇ ಹಿಡಿದಿವೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮುರಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗುವುದು ಮೈನಸ್ 2.5ಕ್ಕಿಂತ ಮೇಲಿರುವವರಲ್ಲೇ. ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದೊಳಗಿಟ್ಟು ಕೊಡುವ ಚೀಟಿಗೆ ಆ ಗೆರೆ ಅನ್ವಯಿಸುವುದೂ ಇಲ್ಲ. ಅದು ಅಲ್ಟ್ರಾಸೌಂಡ್ ಪರೀಕ್ಷೆ. ಆ ಚೀಟಿ ನೋಡಿ ಗಾಬರಿಯಾಗಿ ಮಾತ್ರೆ ಕೊಳ್ಳಬೇಕಾಗಿಲ್ಲ, ಚೀಟಿ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದಿರಲೂ ಆಗದು.

ಸಾಂದ್ರತೆ ಹೆಚ್ಚಾದರೆ ಸಾಕು ಎಂಬ ನಂಬಿಕೆಯನ್ನು ಕೆಡವಿದ್ದು ಫ್ಲೋರೈಡ್. ಅದು ಮೂಳೆಯ ಸಾಂದ್ರತೆ ಹೆಚ್ಚಿಸುತ್ತದೆ ಎಂದು ಅಮೆರಿಕ, ಯುರೋಪುಗಳಲ್ಲಿ ದಶಕಗಳ ಕಾಲ ಔಷಧಿಯಾಗಿ ಪ್ರಯೋಗಿಸಿದರು. 1990ರಲ್ಲಿ ಮೇಯೋ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ ತಂಡ ನಾಲ್ಕು ವರ್ಷಗಳ ಪರೀಕ್ಷೆಯ ಫಲಿತಾಂಶ ಹೊರಹಾಕಿತು. ಬೆನ್ನುಮೂಳೆಯ ಸಾಂದ್ರತೆ 35 ಪ್ರತಿಶತ ಏರಿತ್ತು. ಆದರೆ ಬೆನ್ನಿನ ಮುರಿತಗಳು ಗಣನೀಯವಾಗಿ ತಗ್ಗಿರಲಿಲ್ಲ, ಬೇರೆ ಮೂಳೆಗಳ ಮುರಿತಗಳು ಫ್ಲೋರೈಡ್ ತೆಗೆದುಕೊಳ್ಳದವರಿಗಿಂತ ಮೂರು ಪಟ್ಟಾಗಿದ್ದವು. ಬೆಳೆದ ಮೂಳೆ ದಟ್ಟವಾಗಿತ್ತು, ಗಟ್ಟಿಯಾಗಿರಲಿಲ್ಲ.

ದಟ್ಟ ಮೂಳೆ ಗಟ್ಟಿ ಮೂಳೆಯಲ್ಲ ಎಂಬುದನ್ನು ನಮ್ಮ ನೆಲ ಅದಕ್ಕೂ ಎಷ್ಟೋ ಮೊದಲೇ ಹೇಳಿತ್ತು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಸಂಗಡಿಗರು, ಬಾವಿ ನೀರಿನ ಫ್ಲೋರೈಡಿನಿಂದ ಬೆನ್ನು ಸೆಡೆತು ಕುತ್ತಿಗೆ ತಿರುಗಿಸಲಾಗದ ಜನರನ್ನು ಕಂಡು ವರದಿ ಮಾಡಿದ್ದರು. ಪಾವಗಡ, ಕೋಲಾರ, ಮುಂಡರಗಿ ಕಡೆಯ ಕೊಳವೆಬಾವಿ ನೀರು ಕುಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಂಥ ಊರಿನವರ ಡೆಕ್ಸಾ ವರದಿ ಅದ್ಭುತವಾಗಿ ಕಂಡರೆ ವೈದ್ಯರು ಸಂತೋಷಪಡುವ ಮೊದಲು ಕುಡಿಯುವ ನೀರು ಯಾವುದು ಎಂದು ಕೇಳಬೇಕು.

ಔಷಧಿಗಳ ಕಥೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಅವರ ತಾಳ್ಮೆ. ದೇಹದಲ್ಲಿರುವ ಪೈರೊಫಾಸ್ಫೇಟ್ ಎಂಬ ವಸ್ತು ಕ್ಯಾಲ್ಸಿಯಂ ಹರಳುಗಟ್ಟದಂತೆ ತಡೆಯುತ್ತದೆ ಎಂದು ಅವರ ತಂಡ ಕಂಡುಕೊಂಡಿತು. ಆದರೆ ಬಾಯಲ್ಲಿ ನುಂಗಿದರೆ ಅದು ಒಡೆದುಹೋಗುತ್ತಿತ್ತು. ಒಡೆಯದ ಸೋದರ ರಸಾಯನಿಕ ಹುಡುಕುತ್ತಾ ಅವರು ತಲುಪಿದ್ದು ಬಿಸ್ಫಾಸ್ಫೊನೇಟ್‌ಗೆ, ನೀರಿನ ಪೈಪುಗಳಲ್ಲಿ ಸುಣ್ಣ ಕಟ್ಟದಂತೆ ಕಾರ್ಖಾನೆಗಳು ಬಳಸುತ್ತಿದ್ದ ಬಗೆಯ ವಸ್ತುವಿಗೆ. ಅದು ಮೂಳೆಗೆ ಅಂಟಿಕೊಂಡು, ಕೆಡವುವ ಕೋಶಗಳನ್ನು ಅಡಗಿಸಿತು. 1969ರ ಆ ಪ್ರಕಟಣೆಯಿಂದ 1995ರಲ್ಲಿ ಅಲೆಂಡ್ರೊನೇಟ್ ಮಾರುಕಟ್ಟೆಗೆ ಬರುವವರೆಗೆ ಇಪ್ಪತ್ತಾರು ವರ್ಷ ಹಿಡಿಯಿತು. 1996ರ ದೊಡ್ಡ ಪರೀಕ್ಷೆಯಲ್ಲಿ, ಆಗಲೇ ಬೆನ್ನುಮೂಳೆ ಮುರಿದಿದ್ದ ಹೆಂಗಸರಲ್ಲಿ ಹೊಸ ಕಶೇರು ಮುರಿತ 15 ಪ್ರತಿಶತದಿಂದ 8ಕ್ಕೆ ಇಳಿಯಿತು, ಸೊಂಟದ ಮುರಿತವೂ ಅರ್ಧಕ್ಕಿಳಿಯಿತು. ಈ ಸಲ ಅಳತೆಗೋಲು ಸಾಂದ್ರತೆಯಲ್ಲ, ಮುರಿತವೇ ಆಗಿತ್ತು.

ವಾರಕ್ಕೊಂದು ಸಲದ ಆ ಮಾತ್ರೆ ಕೆಲಸ ಮಾಡುವುದು ಬಿಡುವುದು ತೆಗೆದುಕೊಳ್ಳುವ ರೀತಿಯ ಮೇಲಿದೆ. ಬೆಳಿಗ್ಗೆ ಎದ್ದ ಕೂಡಲೆ ಬರಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೀ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಹುಣ್ಣಾದೀತು. ಕಾಫಿಯ ಜೊತೆ ನುಂಗಿದರೆ ಮೊದಲೇ ಕಡಿಮೆ ಹೀರಿಕೆಯಾಗುವ ಮಾತ್ರೆ ಇನ್ನೂ ಅರವತ್ತು ಪ್ರತಿಶತ ವ್ಯರ್ಥ. ಎದ್ದೊಡನೆ ಫಿಲ್ಟರ್ ಕಾಫಿ ಕುಡಿಯುವ ಮನೆಗಳಲ್ಲಿ ಈ ಅರ್ಧ ಗಂಟೆಯನ್ನು ಬಿಡಿಸಿ ಹೇಳಲೇಬೇಕು. ಆಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆ್ಯಸಿಡ್ 2007ರಿಂದ ಇದೆ.

ಆಲ್‌ಬ್ರೈಟ್ ಹಚ್ಚಿಕೊಟ್ಟ ಈಸ್ಟ್ರೋಜನ್ ಏನಾಯಿತು? 2002ರಲ್ಲಿ ಅಮೆರಿಕದ ಮಹಿಳಾ ಆರೋಗ್ಯ ಪರೀಕ್ಷೆಯಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಸೊಂಟದ ಮುರಿತವನ್ನು ಮೂರನೇ ಒಂದರಷ್ಟು ತಗ್ಗಿಸಿದವು, ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದವು. ಬಳಕೆ ತಟಕ್ಕನೆ ಕುಸಿಯಿತು. ಆದರೂ ಅಕಾಲದಲ್ಲಿ ಮುಟ್ಟು ನಿಂತವರಿಗೆ ಸಹಜ ವಯಸ್ಸಿನವರೆಗೆ ಹಾರ್ಮೋನು ಕೊಡುವುದು ಇಂದಿಗೂ ಒಪ್ಪಿತ ಚಿಕಿತ್ಸೆ. ಆ ಭಯದಲ್ಲಿ ಇವರೂ ವಂಚಿತರಾದರು.

ಆಮೇಲೆ ಬಂದವು ಕೋಶಗಳ ಮಾತುಕತೆಯನ್ನೇ ತಡೆಯುವ ಔಷಧಿಗಳು. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೊಸುಮ್ಯಾಬ್ 2010ರಲ್ಲಿ ಬಂತು. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಡುವೆ ಬಿಟ್ಟರೆ ಒಂದಾದ ಮೇಲೊಂದು ಕಶೇರು ಕುಸಿಯಬಹುದು. ಖರ್ಚಿಗೆ ಹೆದರಿ ಒಂದು ಡೋಸ್ ಮುಂದೂಡುವವರಿಗೆ ಇದನ್ನು ಮೊದಲೇ ಹೇಳಬೇಕು. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಮೂಳೆ ವಿಪರೀತ ದಪ್ಪವಾಗಿ ಬೆಳೆಯುವ ಅಪರೂಪದ ವಂಶವಾಹಿ ಕಾಯಿಲೆಯಿತ್ತು. ಅವರಲ್ಲಿ ಇಲ್ಲದ್ದು ಸ್ಕ್ಲೆರೊಸ್ಟಿನ್ ಎಂಬ ಪ್ರೊಟೀನು ಎಂದು 2001ರಲ್ಲಿ ಗೊತ್ತಾಯಿತು. ಅದನ್ನು ತಡೆದು ಮೂಳೆ ಕಟ್ಟಿಸುವ ರೊಮೊಸೊಜುಮ್ಯಾಬ್ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಮೂಳೆ ಮಾತ್ರೆಯಿಂದಲೇ ತೊಡೆ ಮುರಿಯುತ್ತದಂತೆ ಎಂದು ಜನ ಕೇಳುವುದರಲ್ಲಿ ಹುರುಳಿದೆ. ಬಹಳ ವರ್ಷ ಬಿಸ್ಫಾಸ್ಫೊನೇಟ್ ತೆಗೆದುಕೊಂಡವರಲ್ಲಿ ತೊಡೆಮೂಳೆಯ ನಡುಭಾಗ ಅಡ್ಡಡ್ಡ ಮುರಿಯುವುದುಂಟು. ವಾರಗಟ್ಟಲೆ ಮೊದಲೇ ತೊಡೆ ನೋಯಬಹುದು. ಆದರೆ ಲೆಕ್ಕ ನೋಡಬೇಕು. 2020ರ ಕ್ಯಾಲಿಫೋರ್ನಿಯಾ ಅಧ್ಯಯನದ ಅಂದಾಜಿನಂತೆ ಹತ್ತು ಸಾವಿರ ಏಷ್ಯನ್ ಮೂಲದ ಹೆಂಗಸರು ಮೂರು ವರ್ಷ ಮಾತ್ರೆ ತೆಗೆದುಕೊಂಡರೆ ಸೊಂಟದ 91 ಮುರಿತ ತಪ್ಪುತ್ತದೆ, ಇಂಥ ವಿಚಿತ್ರ ಮುರಿತ 8 ಆಗುತ್ತದೆ. ಬಿಳಿಯರಲ್ಲಿ ಆ ಅಂಕಿಗಳು 149 ಮತ್ತು 2. ನಮ್ಮ ಕಡೆಯವರಿಗೆ ಅಪಾಯ ಹೆಚ್ಚೇ ಇರಬಹುದು, ಆದರೂ ಲಾಭ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಹಳ ವರ್ಷ ತೆಗೆದುಕೊಂಡವರಲ್ಲೇ ಈ ಮುರಿತ ಕಾಣುವುದರಿಂದ, ಮೂರರಿಂದ ಐದು ವರ್ಷದ ನಂತರ ಮಾತ್ರೆ ನಿಲ್ಲಿಸಬಹುದೇ ಎಂದು ವೈದ್ಯರು ಮರುಯೋಚನೆ ಮಾಡುತ್ತಾರೆ.

ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಎರಡು ಮಾತು. 2020ರಲ್ಲಿ ಐಸಿಎಂಆರ್ ದೊಡ್ಡವರ ದಿನದ ಕ್ಯಾಲ್ಸಿಯಂ ಶಿಫಾರಸನ್ನು 600ರಿಂದ 1000 ಮಿಲಿಗ್ರಾಂಗೆ ಏರಿಸಿತು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮೊಳಕೆ ಕಟ್ಟಿ ಬೀಸಿದರೆ ಹೀರಿಕೆ ಇನ್ನೂ ಸುಧಾರಿಸುತ್ತದೆ. ಜೋಳದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಹಾಗಾಗಿ ರೊಟ್ಟಿ ಉಣ್ಣುವ ಸೀಮೆಯವರಿಗೆ ಮೊಸರು, ಎಳ್ಳು ಆಧಾರ. ವಿಟಮಿನ್ ಡಿ ಕೊರತೆ ಬಿಸಿಲಿನ ಈ ದೇಶದಲ್ಲೂ ವ್ಯಾಪಕ. ಕೊರತೆ ಇದ್ದವರು ತುಂಬಿಕೊಳ್ಳಲೇಬೇಕು. ಆದರೆ ಕೊರತೆ ಇದೆಯೇ ಎಂದು ನೋಡದೆ ಸಾಮಾನ್ಯ ಆರೋಗ್ಯವಂತರಿಗೆ ದಿನಾ 2000 ಯೂನಿಟ್ ಕೊಟ್ಟ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಮುರಿತ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ತಿಳಿದುಬಂತು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ನುಂಗಿದ ವೃದ್ಧೆಯರು ಬಿದ್ದದ್ದೂ ಹೆಚ್ಚು, ಮೂಳೆ ಮುರಿದುಕೊಂಡದ್ದೂ ಹೆಚ್ಚು. 60,000 ಯೂನಿಟ್ಟಿನ ಪುಡಿಯನ್ನು ವಾರವಾರ ವರ್ಷಗಟ್ಟಲೆ ಹಾಲಿಗೆ ಬೆರೆಸಿ ಕುಡಿಯುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಇದ್ದೂ ಚಿಕಿತ್ಸೆ ತಲುಪಬೇಕಾದವರಿಗೆ ತಲುಪುತ್ತಿಲ್ಲ. ಒಮ್ಮೆ ಮೂಳೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು. ಆದರೂ ಮಣಿಕಟ್ಟು ಮುರಿದ ಹೆಂಗಸು ಪುತ್ತೂರು ಕಟ್ಟು ಹಾಕಿಸಿಕೊಂಡರೂ, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡರೂ, ಅದು ಕೂಡಿದ ಮೇಲೆ ವಿಷಯ ಮುಗಿಯಿತು ಎಂದೇ ಎಲ್ಲರ ಎಣಿಕೆ. 1999ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಇದಕ್ಕೆ ಒಂದು ಸರಳ ವ್ಯವಸ್ಥೆ ಮಾಡಿದರು. ಐವತ್ತು ದಾಟಿ ಮೂಳೆ ಮುರಿದುಕೊಂಡು ಬಂದ ಪ್ರತಿಯೊಬ್ಬರನ್ನೂ ಒಬ್ಬ ನರ್ಸ್ ಪಟ್ಟಿ ಮಾಡಿ, ಸ್ಕ್ಯಾನಿಗೆ ಕಳಿಸಿ, ಚಿಕಿತ್ಸೆ ಶುರುವಾಗುವಂತೆ ನೋಡಿಕೊಳ್ಳುತ್ತಿದ್ದರು. ಆ ಮಾದರಿ ಬಹಳ ದೇಶಗಳಿಗೆ ಹರಡಿದೆ. ಹೊಸ ಯಂತ್ರ, ಹೊಸ ಔಷಧಿ ಎರಡಕ್ಕಿಂತಲೂ ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬೇಕಿರುವುದು ಇಂಥ ಒಬ್ಬ ನರ್ಸ್ ಎಂದು ನಾನು ನಂಬಿದ್ದೇನೆ.

ಹರಿಯಾಣದ ರೋಹ್ತಕ್‌ನಲ್ಲಿ ನಡೆದ ಎಣಿಕೆಯಲ್ಲಿ ಐವತ್ತು ದಾಟಿದ ಲಕ್ಷ ಮಂದಿಗೆ ವರ್ಷಕ್ಕೆ ಸುಮಾರು 129 ಸೊಂಟದ ಮುರಿತ ಕಂಡುಬಂದಿತ್ತು. ಅವರಲ್ಲಿ ಗಂಡಸರೂ ಕಡಿಮೆಯಿರಲಿಲ್ಲ. ಸೊಂಟ ಮುರಿದವರಿಗೆ ಎರಡು ದಿನದೊಳಗೆ ಆಪರೇಷನ್ ಆಗಿ, ಬೇಗ ಎಬ್ಬಿಸಿ ನಡೆಸಿದರೆ ಬದುಕುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಹಣ ಹೊಂದಿಸುವುದರಲ್ಲಿ, ಊರಿಂದ ಊರಿಗೆ ಸಾಗಿಸುವುದರಲ್ಲಿ ಆ ಎರಡು ದಿನ ಕಳೆದುಹೋಗುತ್ತವೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ರಾಡು, ಸ್ಕ್ರೂ, ಆಂಟಿಬಯೊಟಿಕ್ಕು, ಹೊಲಿಗೆ ಬಿಚ್ಚುವ ದಿನ ಎಲ್ಲ ಇರುತ್ತದೆ, ಮೂಳೆ ಯಾಕೆ ಮುರಿಯಿತು ಎಂಬುದು ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಮನೆಯವರು ಆ ಕಾಗದ ಕೈಗೆ ಬರುವ ಮೊದಲೇ ಕೇಳಬೇಕು: ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ ಪರೀಕ್ಷೆ ಮಾಡಿದ್ದೀರಾ? ಅಸ್ತಮಾಕ್ಕೋ ಕೀಲು ನೋವಿಗೋ ಅಮ್ಮ ನುಂಗುತ್ತಿದ್ದ ಮಾತ್ರೆಯಲ್ಲಿ ಸ್ಟೆರಾಯ್ಡ್ ಇತ್ತಾ? ಮೂಳೆಯ ಔಷಧಿ ಯಾವುದು, ಯಾವ ವಾರದಿಂದ ಶುರು?