ಹಳೆಯ ಗ್ರಾಮನಕ್ಷೆಗಳ ಶುದ್ಧೀಕರಣ: ಕಲೆ ಅಳಿಯಲಿ, ಗಡಿ ಉಳಿಯಲಿ

ಕೈಯಿಂದ ರಚಿಸಿದ ಹಳೆಯ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಅದರ ಕಲೆ, ಮಡಿಕೆಯ ಗುರುತು ಮತ್ತು ಹಳದಿ ಛಾಯೆಯನ್ನು ಚಿತ್ರ ಸಂಪಾದನಾ ತಂತ್ರಾಂಶದ ಮೂಲಕ ನಿವಾರಿಸುವ ಕಾರ್ಯವೇ ನಕ್ಷೆ ಶುದ್ಧೀಕರಣ. ಮೇಲ್ನೋಟಕ್ಕೆ ಇದು ಛಾಯಾಚಿತ್ರವನ್ನು ಅಂದಗೊಳಿಸುವ ಕೆಲಸದಂತೆ ತೋರುತ್ತದೆ. ಆದರೆ ಗ್ರಾಮನಕ್ಷೆಯಲ್ಲಿ ಒಂದು ಚುಕ್ಕೆ ಧೂಳಿನ ಕಣವೂ ಆಗಿರಬಹುದು, ಬಾಂದುಕಲ್ಲಿನ ಗುರುತೂ ಆಗಿರಬಹುದು. ಈ ಎರಡರ ಭೇದವನ್ನು ತಂತ್ರಾಂಶ ಅರಿಯದು.

ನಕ್ಷೆಯ ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಕಂದಾಯ ಭೂಮಾಪನ ಕಾರ್ಯ 1863ರಲ್ಲಿ ಆರಂಭವಾಯಿತು. ಸರಪಳಿಯಿಂದ ಅಳೆದ ವಿವರಗಳನ್ನು ಸರ್ವೆ ನಂಬರುವಾರು ಟಿಪ್ಪಣಿಯಲ್ಲಿ ದಾಖಲಿಸಿ, ಅವುಗಳ ಆಧಾರದ ಮೇಲೆ ಗ್ರಾಮನಕ್ಷೆಗಳನ್ನು ರಚಿಸಲಾಯಿತು. ಸಾಮಾನ್ಯವಾಗಿ ಇವುಗಳ ಪ್ರಮಾಣ 1:7920. ಅಂದರೆ ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಇಂತಹ ನಕ್ಷೆಗಳ ಮಹತ್ವ ಅಧಿಕ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿದವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ನೆಲೆಗೊಂಡಿತು. ಎಚ್.ಡಿ.ಕೋಟೆಯಿಂದ ಸರಗೂರು, ಕೆ.ಆರ್.ನಗರದಿಂದ ಸಾಲಿಗ್ರಾಮ ಬೇರ್ಪಟ್ಟು ಹೊಸ ತಾಲ್ಲೂಕುಗಳಾಗಿವೆ. ಈ ಬದಲಾವಣೆಗಳಿಗೆ ಮುನ್ನ ಊರು, ಕೆರೆ, ಗೋಮಾಳ, ಗುಂಡುತೋಪುಗಳು ಎಲ್ಲಿದ್ದವು ಎಂಬುದಕ್ಕೆ ಹಳೆಯ ಹಾಳೆಗಳೇ ಸಾಕ್ಷಿ.

ಒಂದು ಗುಂಟೆಗೆ ಹದಿನೈದು ಬಿಂದು

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. 40 ಗುಂಟೆಗೆ ಒಂದು ಎಕರೆ. 1:7920 ಪ್ರಮಾಣದ ನಕ್ಷೆಯನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದಾಗ ಒಂದು ಗುಂಟೆಯ ಬದಿ ಕೇವಲ 15 ಬಿಂದುಗಳಷ್ಟಾಗುತ್ತದೆ. ಒಂದು ಬಿಂದು ನೆಲದ ಮೇಲಿನ 2.2 ಅಡಿಗೆ ಸಮ. ಗಡಿರೇಖೆ ಮೂರು ಬಿಂದುಗಳಷ್ಟು ಸರಿದರೆ ಆರೂವರೆ ಅಡಿ ವ್ಯತ್ಯಾಸ ಉಂಟಾಗುತ್ತದೆ. ಆದ್ದರಿಂದ ಅಂಗುಲಕ್ಕೆ 600 ಬಿಂದುಗಳ ಸ್ಕ್ಯಾನ್ ಸೂಕ್ತ. ಕಡತವನ್ನು ಟಿಫ್ ರೂಪದಲ್ಲಿ ಉಳಿಸಬೇಕು. ಜೆಪೆಗ್ ರೂಪದಲ್ಲಿ ಕಡತವನ್ನು ಕುಗ್ಗಿಸುವಾಗ ಸಣ್ಣ ಗೆರೆಗಳ ಅಂಚು ಕದಡುತ್ತದೆ. ಕಾಗದ ಕಾಲಾಂತರದಲ್ಲಿ ಕುಗ್ಗುವುದರಿಂದ ನಕ್ಷೆಯ ಅಳತೆಪಟ್ಟಿಯೂ ಸ್ಕ್ಯಾನ್‌ನಲ್ಲಿ ಸೇರಿರಬೇಕು.

ಶುದ್ಧೀಕರಣದ ಕ್ರಮ

ಫೋಟೋಶಾಪ್ ಅಥವಾ ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಈ ಕೆಲಸ ಮಾಡಬಹುದು. ಮೂಲ ಸ್ಕ್ಯಾನ್ ಅನ್ನು ಮುಟ್ಟದೆ ಪ್ರತ್ಯೇಕವಾಗಿರಿಸಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡುವುದು ಮೊದಲ ನಿಯಮ.

ಹಳದಿ ಛಾಯೆ ಹಾಳೆಯ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಚಿತ್ರದ ಇನ್ನೊಂದು ಪದರವನ್ನು ಸೃಷ್ಟಿಸಿ, ಗೆರೆಗಳೆಲ್ಲ ಕರಗಿ ಕಾಗದದ ಬಣ್ಣ ಮಾತ್ರ ಉಳಿಯುವಷ್ಟು ಅದನ್ನು ಮಸುಕುಗೊಳಿಸಿ, ಕೆಳಗಿನ ಪದರವನ್ನು ಅದರಿಂದ ಭಾಗಿಸುವ ಆಯ್ಕೆಯನ್ನು ಬಳಸಿದರೆ ಹಿನ್ನೆಲೆ ಬಿಳಿಯಾಗುತ್ತದೆ, ಶಾಯಿ ಉಳಿಯುತ್ತದೆ. ಅನಂತರ ಲೆವೆಲ್ಸ್ ಸಾಧನದಿಂದ ಗೆರೆಗಳನ್ನು ಗಾಢಗೊಳಿಸಬಹುದು. ಕೆಂಪು, ನೀಲಿ ಶಾಯಿಗಳಿದ್ದರೆ ಚಿತ್ರವನ್ನು ಕಪ್ಪುಬಿಳುಪಿಗೆ ಪರಿವರ್ತಿಸುವ ಮುನ್ನ ಅವುಗಳನ್ನು ಬಣ್ಣದ ಆಧಾರದ ಮೇಲೆ ಬೇರೆ ಪದರಗಳಿಗೆ ವಿಂಗಡಿಸಬೇಕು.

ಅತಿ ಹೆಚ್ಚು ಹಾನಿ ಸಂಭವಿಸುವುದು ಚುಕ್ಕೆ ನಿವಾರಿಸುವ ಸ್ವಯಂಚಾಲಿತ ಸಾಧನದಿಂದ. ಚುಕ್ಕೆಗೆರೆಗಳಿಂದ ಸೂಚಿಸಿದ ಕಾಲುದಾರಿ, ಬಂಡಿದಾರಿಗಳು ಧೂಳಿನೊಂದಿಗೆ ಮಾಯವಾಗುತ್ತವೆ. 'ನಕಾಶೆ ಕಂಡ ದಾರಿ'ಗಾಗಿ ಅಕ್ಕಪಕ್ಕದ ಹೊಲದವರು ವರ್ಷಗಟ್ಟಲೆ ವ್ಯಾಜ್ಯ ನಡೆಸುವ ನಾಡಿನಲ್ಲಿ ಇದು ಸಣ್ಣ ಲೋಪವಲ್ಲ. ಕಲೆಗಳನ್ನು ಒಂದೊಂದಾಗಿ, ಹಿಗ್ಗಿಸಿ ನೋಡಿ, ಕೈಯಿಂದಲೇ ಅಳಿಸುವುದು ಕ್ಷೇಮ. ಮಾಸಿದ ಸರ್ವೆ ನಂಬರುಗಳನ್ನು ಊಹಿಸಿ ತಿದ್ದಬಾರದು. ಕೈಬರಹದಲ್ಲಿ ಕನ್ನಡದ ೩ ಮತ್ತು ೬ ಅಂಕಿಗಳು ಸುಲಭವಾಗಿ ಅದಲುಬದಲಾಗುತ್ತವೆ. ಹರಿದುಹೋದ ಭಾಗವನ್ನು ಪಕ್ಕದ ಚಿತ್ರದಿಂದ ತುಂಬುವ ಬದಲು ಖಾಲಿ ಬಿಡುವುದೇ ಪ್ರಾಮಾಣಿಕ ಕ್ರಮ.

ಹಾಡಿಗಳ ನಕ್ಷೆ

ಕೈನಕ್ಷೆಗಳು ಗತಕಾಲದ ವಸ್ತುಗಳಷ್ಟೇ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಅನ್ವಯ ಹಕ್ಕು ಕೋರಿಕೆಯ ದಾಖಲೆಗಳಲ್ಲಿ ನಕ್ಷೆಗೂ ಸ್ಥಾನವಿದೆ. ನಾಗರಹೊಳೆ ಅರಣ್ಯದ ಅಂಚಿನಲ್ಲಿರುವ ಹುಣಸೂರು, ಎಚ್.ಡಿ.ಕೋಟೆ ಭಾಗದ ಜೇನುಕುರುಬ ಮುಂತಾದ ಸಮುದಾಯಗಳಿಗೆ ಹಳೆಯ ಹಾಡಿ, ಸ್ಮಶಾನ, ದೇವರ ನೆಲೆಗಳನ್ನು ಗುರುತಿಸಲು ಹಿರಿಯರ ನೆನಪೇ ಮುಖ್ಯ ಆಧಾರ. ನೆರೆಯ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ಪವಿತ್ರ ತಾಣಗಳ ನಕ್ಷೆ ರಚನೆಯಲ್ಲಿ ಪಾಲ್ಗೊಂಡಿದ್ದರು. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಇಂತಹ ನಕ್ಷೆಯಲ್ಲಿ ಒಂದು ಗುರುತು ಅಳಿದರೆ ಅದನ್ನು ಪರಿಶೀಲಿಸಲು ಬೇರೆ ದಾಖಲೆ ದೊರೆಯದಿರಬಹುದು.

ಮಿತಿಗಳು

ಶುದ್ಧೀಕರಿಸಿದ ಚಿತ್ರವನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದೊಂದಿಗೆ ಹೊಂದಿಸಬಹುದು. ಕೆರೆ ಏರಿ, ದೇವಾಲಯ, ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು ಮುಂತಾದ ಸ್ಥಿರ ಗುರುತುಗಳು ಇದಕ್ಕೆ ಆಧಾರ. ಆದರೂ ಅದು ಅಧ್ಯಯನದ ಪ್ರತಿಯೇ ಹೊರತು ಕಾನೂನಿನ ದಾಖಲೆಯಲ್ಲ. ಗಡಿ ವಿವಾದ ಉದ್ಭವಿಸಿದಾಗ ಭೂಮಾಪನ ಇಲಾಖೆಯ ದೃಢೀಕೃತ ನಕಲು, ಟಿಪ್ಪಣಿ ಹಾಗೂ ಸ್ಥಳದ ಅಳತೆಯನ್ನೇ ಅವಲಂಬಿಸಬೇಕು. ಶುದ್ಧೀಕರಣ ಮಾಡಿದವರು ಯಾವ ದಿನ, ಯಾವ ಭಾಗದಲ್ಲಿ, ಏನನ್ನು ಅಳಿಸಿದರು ಎಂಬ ವಿವರವನ್ನು ಕಡತದ ಜೊತೆಗೇ ಬರೆದಿಟ್ಟರೆ ಮುಂದಿನವರು ಮೂಲ ಪ್ರತಿಯೊಡನೆ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.