ರೂಬೆನ್ಸ್ ತಿದ್ದಿದ ಟಿಷಿಯನ್

ಹಳೆಯ ಕಲಾವಿದರ ಚಿತ್ರ ನೋಡಿಕೊಂಡು ತೈಲವರ್ಣದಲ್ಲಿ ಅಭ್ಯಾಸ ಮಾಡುತ್ತೇನೆ ಅಂದರೆ ‘ಓ, ಕಾಪಿ ಹೊಡೀತೀರಾ?’ ಅನ್ನುವವರೇ ಹೆಚ್ಚು. ಅಂಥವರಿಗೆ ನಾನು ರೂಬೆನ್ಸನ ಕತೆ ಹೇಳುತ್ತೇನೆ.

1628ರಲ್ಲಿ ಪೀಟರ್ ಪಾಲ್ ರೂಬೆನ್ಸ್ ಮ್ಯಾಡ್ರಿಡ್‌ಗೆ ಬಂದದ್ದು ರಾಯಭಾರಿಯಾಗಿ. ಸ್ಪೇನ್ ಮತ್ತು ಇಂಗ್ಲೆಂಡ್ ನಡುವಿನ ಸಂಧಿಯ ಮಾತುಕತೆ. ಆಗ ಅವನಿಗೆ 51 ವರ್ಷ, ಯುರೋಪಿನ ಅರಮನೆಗಳಲ್ಲೆಲ್ಲ ಹೆಸರು. ದೊರೆ ನಾಲ್ಕನೇ ಫಿಲಿಪ್‌ನ ಸಂಗ್ರಹದಲ್ಲಿ ವೆನಿಸ್ಸಿನ ಟಿಷಿಯನ್‌ನ ಚಿತ್ರಗಳು ಬೇಕಾದಷ್ಟಿದ್ದವು. ಟಿಷಿಯನ್ ತೀರಿಕೊಂಡದ್ದು 1576ರಲ್ಲಿ, ರೂಬೆನ್ಸ್ ಹುಟ್ಟಿದ್ದು 1577ರಲ್ಲಿ! ಗುರುವಿನ ಮುಖ ನೋಡದ ಈ ಶಿಷ್ಯ, ಅಷ್ಟು ದೊಡ್ಡವನಾದ ಮೇಲೂ ಕುಂಚ ಹಿಡಿದು ಅವನ್ನು ನಕಲು ಮಾಡುತ್ತ ಕೂತ.

ಅವುಗಳಲ್ಲೊಂದು ‘ಆಡಂ ಮತ್ತು ಈವ್’. ಟಿಷಿಯನ್ ಇದನ್ನು ಬರೆದದ್ದು ಸುಮಾರು 1550ರಲ್ಲಿ. ಈವ್ ನಿಂತು ಹಣ್ಣಿಗೆ ಕೈ ಚಾಚಿದ್ದಾಳೆ, ಕೂತಿರುವ ಆಡಂ ಅವಳನ್ನು ತಡೆಯುತ್ತಿದ್ದಾನೆ. ಮೂಲ, ನಕಲು ಎರಡೂ ಈಗ ಮ್ಯಾಡ್ರಿಡ್‌ನ ಪ್ರಾಡೋ ಸಂಗ್ರಹಾಲಯದಲ್ಲಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಟಿಷಿಯನ್‌ನ ಆಡಂ ಹಿಂದಕ್ಕೆ ವಾಲಿದ್ದಾನೆ. ರೂಬೆನ್ಸನ ಆಡಂ ಮುಂದಕ್ಕೆ ಬಾಗಿದ್ದಾನೆ, ಮೈಯ ಸ್ನಾಯುಗಳು ಹುರಿಗೊಂಡಿವೆ. ಜೊತೆಗೆ ಮೂಲದಲ್ಲಿಲ್ಲದ ಒಂದು ಕೆಂಪು ಗಿಳಿ ಬಂದು ಕೂತಿದೆ!

ನಮ್ಮ ಭಾಷೆಯಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ತಿದ್ದುವುದು. ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಬಳಪ ಆಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ರೂಬೆನ್ಸ್ ಎರಡನ್ನೂ ಒಂದೇ ಕ್ಯಾನ್ವಾಸಿನಲ್ಲಿ ಮಾಡಿದ.

ಈಗ ನಾನೂ ಅದೇ ಈವ್‌ಳನ್ನು ಒಂದು ಮುದ್ರಿತ ಪ್ರತಿ ನೋಡಿ ತಿದ್ದುತ್ತಿದ್ದೇನೆ. ಮೊದಲು ಚೌಕುಳಿ ಗೆರೆ, ಆಮೇಲೆ ಕಂದು ಬಣ್ಣದಲ್ಲಿ ನೆರಳು-ಬೆಳಕು, ಅದರ ಮೇಲೆ ಮೈಬಣ್ಣ. ಕೆಳಗಿನ ಪದರಕ್ಕೆ ಅಗಸೆ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಜಾಸ್ತಿ. ಇಲ್ಲದಿದ್ದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಬರೀ ನೋಡುವಾಗ ಅವಳ ಮೈ ಬೆಳ್ಳಗೆ, ಅಷ್ಟೇ. ಬಣ್ಣ ಕಲೆಸುವಾಗ ಗೊತ್ತಾಗುತ್ತದೆ, ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಒಂದು ತಣ್ಣನೆಯ ಬೂದು ಬೇಕು. ಅದಿಲ್ಲದೆ ಹೊಟ್ಟೆ ದುಂಡಗಾಗುವುದಿಲ್ಲ. ಕಣ್ಣು ದಾಟಿ ಹೋದದ್ದನ್ನು ಕೈ ಹಿಡಿದು ನಿಲ್ಲಿಸುತ್ತದೆ.

ನಕಲನ್ನು ಹಗುರವಾಗಿ ಕಾಣುವವರಿಗೆ ಇನ್ನೊಂದು ಮಾತು. ಚಕ್ರವರ್ತಿ ಐದನೇ ಚಾರ್ಲ್ಸ್ ಮತ್ತು ರಾಣಿ ಇಸಬೆಲ್ಲಾರನ್ನು ಟಿಷಿಯನ್ ಒಟ್ಟಿಗೆ ಬರೆದಿದ್ದ. ಆ ಮೂಲ ಈಗಿಲ್ಲ. ಅದು ಹೇಗಿತ್ತು ಎಂದು ನಮಗೆ ತೋರಿಸುತ್ತಿರುವುದು ರೂಬೆನ್ಸನ ನಕಲು.

ಸಂಗೀತದವರು ತ್ಯಾಗರಾಜರ ಕೃತಿ ಹಾಡಿದರೆ ‘ಕಾಪಿ’ ಅನ್ನುತ್ತೇವೆಯೇ? ಚಿತ್ರ ಬರೆಯುವವರಿಗೂ ಅಷ್ಟು ಸಲಿಗೆ ಕೊಡಿ ಮಾರಾಯ್ರೆ. ನನ್ನ ಈವ್ ಇನ್ನೂ ಒಣಗಿಲ್ಲ. ಗಿಳಿ ಕೂರಿಸುವ ಧೈರ್ಯವಂತೂ ಸದ್ಯಕ್ಕಿಲ್ಲ :)